ಆರ್ಗ್ಯಾನಿಕ್ ಸೋಲಾರ್ ಸೆಲ್‌ಗೆ ದಕ್ಷತೆ ಬಂತು, ಬಾಳಿಕೆ ಬೇಕು

ಪ್ರಶ್ನೆ: ಆರ್ಗ್ಯಾನಿಕ್ ಸೋಲಾರ್ ಸೆಲ್‌ಗಳ ದಕ್ಷತೆ ಶೇ. 20ರ ಹತ್ತಿರ ಬಂದಿದೆ ಅಂತ ಓದಿದೆ. ಸಿಲಿಕಾನ್‌ಗೂ ಇದಕ್ಕೂ ಈಗ ಜಾಸ್ತಿ ವ್ಯತ್ಯಾಸವಿಲ್ಲ ಅಲ್ವಾ? ಮತ್ತೆ ಚಾವಣಿಗಳ ಮೇಲೆ ಯಾಕೆ ಕಾಣುತ್ತಿಲ್ಲ?

ಉತ್ತರ: ಅಂಕಿ ನಿಜ. (ಆರ್ಗ್ಯಾನಿಕ್ ಸೆಲ್ ಅಂದರೆ ಸಿಲಿಕಾನ್ ಬದಲು ಇಂಗಾಲದ ಅಣುಗಳ ತೆಳು ಪದರದಿಂದ ಮಾಡಿದ ಸೆಲ್.) ಆದರೆ ಅದು ಲ್ಯಾಬಿನಲ್ಲಿ, ಉಗುರಿಗಿಂತ ಚಿಕ್ಕದಾದ ಹೊಚ್ಚಹೊಸ ಸೆಲ್‌ನಲ್ಲಿ ಸಿಕ್ಕಿದ್ದು. ಅಳತೆ ದೊಡ್ಡದಾದಂತೆ ದಕ್ಷತೆ ಇಳಿಯುತ್ತದೆ. ಬಿಸಿಲಿಗಿಟ್ಟರೆ ಇನ್ನೂ ಇಳಿಯುತ್ತದೆ. ಸಿಲಿಕಾನ್ ಪ್ಯಾನೆಲ್‌ಗೆ 25 ವರ್ಷದ ಗ್ಯಾರಂಟಿ ಕೊಡುತ್ತಾರೆ, ಇದಕ್ಕೆ ಹಾಗೆ ಕೊಡುವ ಧೈರ್ಯ ಇನ್ನೂ ಬಂದಿಲ್ಲ. ಹಾಗಾಗಿ ದಾಖಲೆಯ ಸುದ್ದಿ ಓದುವಾಗ, ಆ ಸೆಲ್ ಎಷ್ಟು ಗಂಟೆ ಬೆಳಕಿನಲ್ಲಿದ್ದ ಮೇಲೆ ತನ್ನ ಮೊದಲಿನ ದಕ್ಷತೆಯ ಶೇ. 80ಕ್ಕೆ ಇಳಿಯಿತು ಅನ್ನುವುದನ್ನೂ ಹುಡುಕಿ ನೋಡಿ. ನನ್ನ ಮಟ್ಟಿಗೆ ಅದೇ ಮುಖ್ಯ ಅಂಕಿ.

ಯಾಕೆ ಹೀಗೆ? 1986ರಲ್ಲಿ ಕೊಡಾಕ್ ಕಂಪನಿಯ ವಿಜ್ಞಾನಿ ಚಿಂಗ್ ಟ್ಯಾಂಗ್ ಎರಡು ಪದರದ ಸೆಲ್ ತೋರಿಸಿದಾಗ ದಕ್ಷತೆ ಬರೀ ಶೇ. 1ರ ಆಸುಪಾಸಿನಲ್ಲಿತ್ತು. ಈ ವಸ್ತುಗಳಲ್ಲಿ ಬೆಳಕು ಬಿದ್ದ ತಕ್ಷಣ ಎಲೆಕ್ಟ್ರಾನ್ ಬಿಡಿಯಾಗುವುದಿಲ್ಲ, ತಾನು ಬಿಟ್ಟ ಖಾಲಿ ಜಾಗದ ಜೊತೆ ಜೋಡಿಯಾಗಿಯೇ ಓಡಾಡುತ್ತದೆ, ಸುಮಾರು 10 ನ್ಯಾನೊಮೀಟರ್ ಒಳಗೆ ಜೋಡಿಯನ್ನು ಬಿಡಿಸುವ ಇನ್ನೊಂದು ವಸ್ತುವಿನ ಗಡಿ ಸಿಗದಿದ್ದರೆ ಆ ಜೋಡಿ ಮತ್ತೆ ಒಂದಾಗಿ ಬೆಳಕು ದಂಡವಾಗುತ್ತದೆ. ಆದರೆ ಬೆಳಕನ್ನು ಸರಿಯಾಗಿ ಹೀರಲು ಪದರ 100 ನ್ಯಾನೊಮೀಟರ್‌ನಷ್ಟಾದರೂ ದಪ್ಪ ಇರಬೇಕು. ಅದಕ್ಕೇ ಎರಡೂ ವಸ್ತುಗಳನ್ನು ಒಂದರೊಳಗೊಂದು ಬೆರೆಸಿದರು. ಎಲ್ಲಿ ನೋಡಿದರೂ ಗಡಿ! 2019ರಲ್ಲಿ, ಈ ಬೆರಕೆಯಲ್ಲಿ ಎಲೆಕ್ಟ್ರಾನ್ ಪಡೆಯುವ ವೈ6 ಎಂಬ ಅಣು ಬಂದ ಮೇಲೆ ದಕ್ಷತೆ ಶೇ. 15 ದಾಟಿತು.

ಈಗ ಕಾಟ ಕೊಡುತ್ತಿರುವುದೂ ಈ ಬೆರಕೆಯೇ. ಬಿಸಿಯಾದಾಗ ಸಣ್ಣ ಅಣುಗಳು ನಿಧಾನಕ್ಕೆ ಸರಿದು ಗುಂಪುಗೂಡುತ್ತವೆ, ಗಡಿಗಳು ಕಡಿಮೆಯಾಗುತ್ತವೆ. ಅದಕ್ಕೆ ಎರಡು ಮೂರು ಅಣುಗಳನ್ನು ಒಟ್ಟಿಗೆ ಹೆಣೆದು ಭಾರ ಮಾಡುತ್ತಾರೆ, ಆಗ ಅವು ಸುಲಭವಾಗಿ ಜಾಗ ಬಿಡುವುದಿಲ್ಲ. ಮೂರನೆಯ ವಸ್ತು ಸೇರಿಸಿ ಬೆರಕೆಯನ್ನು ಹಿಡಿದಿಡುವುದೂ ಉಂಟು.

ಪ್ರಶ್ನೆ: ಗಾಳಿ, ತೇವ ತಾಗದಂತೆ ಗಾಜಿನಲ್ಲಿ ಸೀಲ್ ಮಾಡಿದರೆ ಸಾಲದೇ?

ಉತ್ತರ: ಅರ್ಧ ಸಮಸ್ಯೆ ಹೋಗುತ್ತದೆ, ಸೀಲ್ ಅಂತೂ ಬೇಕೇ ಬೇಕು. ಆದರೆ ಬೆಳಕು ಒಳಗೆ ಬರಲೇಬೇಕಲ್ಲ. ಎಲೆಕ್ಟ್ರಾನ್ ಸಾಗಿಸಲು ಹಾಕುವ ಜಿಂಕ್ ಆಕ್ಸೈಡ್ ಪದರಕ್ಕೆ ಅತಿನೇರಳೆ ಕಿರಣ ಬಿದ್ದರೆ, ಅದು ಪಕ್ಕದಲ್ಲೇ ಇರುವ ವೈ6ನಂಥ ಅಣುವಿನೊಳಗಿನ ಜೋಡಿ ಬಂಧವನ್ನೇ (ಡಬಲ್ ಬಾಂಡ್) ಮುರಿಯುತ್ತದೆ. ಹೊರಗಿನಿಂದ ಏನೂ ನುಗ್ಗಬೇಕಿಲ್ಲ. ಇದಕ್ಕೆ ಆ ಕಿರಣ ತಡೆಯುವ ಫಿಲ್ಟರ್ ಹಾಕುತ್ತಾರೆ, ಇಲ್ಲವೇ ಎರಡರ ನಡುವೆ ತೆಳು ಲೇಪ ಕೊಡುತ್ತಾರೆ. ಟಿನ್ ಆಕ್ಸೈಡ್‌ಗೆ ಬದಲಾಯಿಸಿದವರೂ ಇದ್ದಾರೆ. ಗಾಜಿನ ಇನ್ನೊಂದು ತೊಂದರೆ, ಹಗುರವಾಗಿ ಬಾಗುವ ಗುಣ ಹೋಗಿಬಿಡುತ್ತದೆ, ಈ ಸೆಲ್ ಬೇಕೆಂದಿದ್ದೇ ಅದಕ್ಕೆ. ತೇವ ಬಿಡದ, ಬಾಗುವ ಪ್ಲಾಸ್ಟಿಕ್ ಹಾಳೆಗಳಿವೆ, ಆದರೆ ಸೆಲ್‌ಗೆ ಉಳಿಸಿದ ಖರ್ಚನ್ನು ಅವು ತಿಂದುಹಾಕಬಹುದು.

ಮನೆಯೊಳಗಿನ ಎಲ್‌ಇಡಿ ಬೆಳಕಿನಲ್ಲಿ ಕೆಲಸ ಮಾಡುವ ಸಣ್ಣ ಸೆನ್ಸರ್‌ಗಳಿಗೆ ಆರ್ಗ್ಯಾನಿಕ್ ಸೆಲ್‌ಗಳು ಈಗಲೇ ಚೆನ್ನಾಗಿ ಹೊಂದುತ್ತವೆ. ಅಲ್ಲಿ ಬಿಸಿಲಿನ ಕಾವೂ ಇಲ್ಲ, ಅತಿನೇರಳೆ ಕಿರಣವೂ ಇಲ್ಲವೆನ್ನುವಷ್ಟು ಕಡಿಮೆ.