ಮ್ಯಾನುಯಲ್‌ನ 150 ಬೇರೆ, ಕ್ಯಾನಿನ 150 ಬೇರೆ

ಗೌಡ್ರೇ, ಆ ಕ್ಯಾನಿನ ಸೀಲ್ ಒಡೆಯಬೇಡಿ. ನೀವು ಹಾಕಿದ ಎರಡೂ ಫೋಟೋ ನೋಡಿಯೇ ಬರೆಯುತ್ತಿದ್ದೇನೆ. ಟ್ರೇಲರ್ ಎತ್ತುವ ಪವರ್ ಪ್ಯಾಕಿನ (ಪಂಪು, ಆಯಿಲ್ ಟ್ಯಾಂಕ್ ಸೇರಿದ ಘಟಕ) ಹಳೇ ಮ್ಯಾನುಯಲ್‌ನಲ್ಲಿ ‘150 ಎಸ್‌ಎಸ್‌ಯು, 100 ಡಿಗ್ರಿ ಫ್ಯಾರನ್‌ಹೀಟ್’ ಅಂತ ಇದೆ. ನೀವು ಹಾಸನದಿಂದ ತಂದ ಹೈಡ್ರಾಲಿಕ್ ಆಯಿಲ್ ಕ್ಯಾನಿನ ಮೇಲೆ ‘ವಿಜಿ 150’ ಅಂತ ಇದೆ. ಎರಡೂ ಆಯಿಲ್ ಎಷ್ಟು ಗಟ್ಟಿ ಅಂತ ಹೇಳುವ ನಂಬರೇ. 150ಕ್ಕೆ 150 ಸರಿಹೋಯಿತಲ್ವಾ ಅಂತ ಕೇಳಿದ್ದೀರಿ. ಹೋಗಲಿಲ್ಲ. ನಾನೂ ಹೀಗೇ ಗಟ್ಟಿ ಆಯಿಲ್ ಹಾಕಿ ಒಂದು ಪಂಪು ಕಳೆದುಕೊಂಡಿದ್ದೇನೆ.

ನಮ್ಮದು ಮೂಡಿಗೆರೆ ಕಡೆ ತೋಟ. ಅರೇಬಿಕಾ ಕೊಯ್ಲು ಜೋರಾಗಿದ್ದಾಗ ಟ್ರೇಲರ್‌ಗೆ ಹೊಸ ಆಯಿಲ್ ಹಾಕಿಸಿದೆ. ಅಂಗಡಿಯವನು ‘ಗಟ್ಟಿ ಇದ್ದಷ್ಟೂ ಒಳ್ಳೇದು ಸಾರ್’ ಅಂದ, ನಾನೂ ತಲೆ ಆಡಿಸಿದೆ. ಮಾರನೇ ದಿನ ಬೆಳಗ್ಗೆ ಮಂಜು ಇನ್ನೂ ಬಿಟ್ಟಿರಲಿಲ್ಲ, ಲಿವರ್ ಎಳೆದರೆ ಪಂಪು ಡಬ್ಬದೊಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡಿತು. ಜ್ಯಾಕ್ ಒಂದು ಗೇಣು ಎದ್ದು ನಿಂತುಬಿಟ್ಟಿತು. ಗಾಳಿ ಸೇರಿದೆ ಅಂದುಕೊಂಡು ಎರಡು ಸಲ ಗಾಳಿ ಹೊರಗೆ ತೆಗೆದೆ, ಥ್ರಾಟಲ್ ಜಾಸ್ತಿ ಮಾಡಿದೆ. ಮಧ್ಯಾಹ್ನ ಬಿಸಿಲೇರಿ ಆಯಿಲ್ ಬಿಸಿಯಾದ ಮೇಲೆ ಎಲ್ಲಾ ಸರಿ! ಅದೇ ನನ್ನನ್ನು ಹಾಳು ಮಾಡಿದ್ದು. ಮೂರು ವಾರ ಹಾಗೇ ಓಡಿಸಿದೆ. ಆಮೇಲೆ ಶಾಫ್ಟ್ ಸೀಲ್ ಸೋರಲು ಶುರುವಾಯಿತು. ಪಂಪು ಬಿಚ್ಚಿ ನೋಡಿದರೆ ಒಳಗೋಡೆಯಲ್ಲಿ ಗೆದ್ದಲು ತಿಂದ ಹಾಗೆ ಸಣ್ಣ ಸಣ್ಣ ಗುಳಿ. ಆಯಿಲ್ ಅಷ್ಟು ಗಟ್ಟಿಯಾದರೆ ಪಂಪಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಎಳೆಯುವ ಕಡೆ ಗುಳ್ಳೆ ಏಳುತ್ತವೆ, ಅವು ಒತ್ತಡಕ್ಕೆ ಒಡೆದು ಲೋಹವನ್ನೇ ಕಿತ್ತು ತಿನ್ನುತ್ತವೆ.

ಈಗ ಲೆಕ್ಕ. ಎಸ್‌ಎಸ್‌ಯು ಅಂದರೆ ಸೇಬೋಲ್ಟ್ ಸೆಕೆಂಡು. 60 ಮಿಲಿ ಆಯಿಲ್ ಒಂದು ಅಳತೆಯ ತೂತಿನಿಂದ ಇಳಿಯಲು ಎಷ್ಟು ಸೆಕೆಂಡು ಬೇಕೋ ಅಷ್ಟು. ಕೆಲವು ಪುಸ್ತಕದಲ್ಲಿ ಎಸ್‌ಯುಎಸ್ ಅಂತ ಇರುತ್ತದೆ, ಅದೂ ಇದೇ. ವಿಜಿ ನಂಬರು ಮಾತ್ರ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಸ್ಟೋಕ್ಸ್, ಗಟ್ಟಿತನದ ಬೇರೆಯೇ ಮಾನ. ಸೆಕೆಂಡು 100ರ ಮೇಲಿದ್ದರೆ ಅದನ್ನು 0.22ರಿಂದ ಗುಣಿಸಿ, ಆಮೇಲೆ 135ನ್ನು ಅದೇ ಸೆಕೆಂಡಿನಿಂದ ಭಾಗಿಸಿ ಕಳೆಯಿರಿ. ನಿಮ್ಮ 150ಕ್ಕೆ 33ರಲ್ಲಿ 0.9 ಹೋಗಿ 32.1. ಅಂದರೆ ವಿಜಿ 32! ನಿಮ್ಮ ಕೈಯಲ್ಲಿರುವ ವಿಜಿ 150 ಸೇಬೋಲ್ಟ್‌ನಲ್ಲಿ ಸುಮಾರು 700 ಸೆಕೆಂಡು. ಬೇಕಾದ್ದಕ್ಕಿಂತ ಹತ್ತಿರ ಹತ್ತಿರ ಐದು ಪಟ್ಟು ಗಟ್ಟಿ.

100 ಫ್ಯಾರನ್‌ಹೀಟ್ ಅಂದರೆ 37.8 ಸೆಲ್ಸಿಯಸ್, 40ಕ್ಕೆ ಅದೇನು ದೊಡ್ಡ ವ್ಯತ್ಯಾಸ ಅಲ್ಲ. ವಿಜಿ ನಂಬರಿಗೇ ಆಚೆ ಈಚೆ 10 ಪರ್ಸೆಂಟ್ ಸಡಿಲ ಇರುತ್ತದೆ, 32 ಅಂದರೆ 28.8ರಿಂದ 35.2. ಆದರೆ ಪುಸ್ತಕದಲ್ಲಿ 210 ಫ್ಯಾರನ್‌ಹೀಟ್ ಅಂತ ಇದ್ದರೆ ಕತೆಯೇ ಬೇರೆ, ಅಷ್ಟು ಬಿಸಿಯಲ್ಲಿ ಆಯಿಲ್ ಬಹಳ ತೆಳ್ಳಗಿರುತ್ತದೆ, ಅದನ್ನು ವಿಜಿ ಜೊತೆ ಹೋಲಿಸಲೇಬೇಡಿ. ಇನ್ನು ಗುಂಪಿನಲ್ಲಿ ಯಾರೋ ‘4.6ರಿಂದ ಭಾಗಿಸಿದರೆ ಸಾಕು’ ಅಂದಿದ್ದಾರೆ. ಗಟ್ಟಿ ಆಯಿಲ್‌ಗೆ ಸರಿ. ತೆಳು ಆಯಿಲ್‌ಗೆ ಕೈಕೊಡುತ್ತದೆ: 10 ಸೆಂಟಿಸ್ಟೋಕ್ಸ್ ಅಂದರೆ 46 ಸೆಕೆಂಡು ಅಲ್ಲ, ಸುಮಾರು 59. ಹಳೇ ಇಂಗ್ಲಿಷ್ ಎಂಜಿನ್ ಪುಸ್ತಕದಲ್ಲಿ ರೆಡ್‌ವುಡ್ ಸೆಕೆಂಡು ಇರುತ್ತದೆ, ಅದು 50 ಮಿಲಿ ಲೆಕ್ಕ. ರೆಡ್‌ವುಡ್ 150 ಅಂದರೆ ಸುಮಾರು 36.7 ಸೆಂಟಿಸ್ಟೋಕ್ಸ್. ಸೆಕೆಂಡು ಅಂತ ಕಂಡ ಕೂಡಲೇ ಯಾರ ಸೆಕೆಂಡು ಅಂತ ನೋಡಿ.

ಸೆಂಟಿಪಾಯ್ಸ್ (ಗಟ್ಟಿತನದ ಇನ್ನೊಂದು ಮಾನ) ಅಂತ ಕಂಡರೆ ಅದನ್ನು ಸಾಂದ್ರತೆಯಿಂದ ಭಾಗಿಸಿದರೆ ಸೆಂಟಿಸ್ಟೋಕ್ಸ್ ಸಿಗುತ್ತದೆ. ಚದರ ಮಿಲಿಮೀಟರ್ ಪರ್ ಸೆಕೆಂಡ್ ಅಂತ ಬರೆದಿದ್ದರೆ ಏನೂ ಮಾಡಬೇಡಿ, ಅದೇ ಸೆಂಟಿಸ್ಟೋಕ್ಸ್. 100 ಸೇರಿದರೆ ಒಂದು ಸ್ಟೋಕ್ಸ್. ಹಾಗೇ ಗೇರ್ ಆಯಿಲ್ 90 ಎಂಜಿನ್ ಆಯಿಲ್ 50ಕ್ಕಿಂತ ಬಹಳ ಗಟ್ಟಿ ಅಂತ ವಾದ ಮಾಡುವವರು ಸ್ವಲ್ಪ ಸುಮ್ನಿರಿ. ಎರಡರ ನಂಬರಿನ ಪಟ್ಟಿ ಬೇರೆ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದರೆ ಹೆಚ್ಚುಕಮ್ಮಿ ಒಂದೇ.

ಬ್ರ್ಯಾಂಡ್ ಕೇಳಿದಿರಿ. ನಾನು ಸರ್ವೊ ಹಾಕುತ್ತೇನೆ, ಪಕ್ಕದ ತೋಟದವರು ಎಂಕ್ಲೋ ಹಾಕುತ್ತಾರೆ, ಗ್ರೇಡ್ ಸರಿ ಇದ್ದರೆ ಎರಡೂ ನಡೆಯುತ್ತದೆ. ಬಿಡಿ ಡ್ರಮ್ಮಿನ ಆಯಿಲ್ ಮಾತ್ರ ಬೇಡ. ಅನುಮಾನ ಇದ್ದರೆ ಒಂದೇ ಅಳತೆಯ ಎರಡು ಗಾಜಿನ ಬಾಟಲಿ ತಗೊಳ್ಳಿ. ಒಂದಕ್ಕೆ ನಂಬಿಕೆಯ ವಿಜಿ 32, ಇನ್ನೊಂದಕ್ಕೆ ಅನುಮಾನದ್ದು. ಕತ್ತಿನಲ್ಲಿ ಅರ್ಧ ಇಂಚು ಗಾಳಿ ಬಿಟ್ಟು ಮುಚ್ಚಿ, ರಾತ್ರಿಯಿಡೀ ಒಂದೇ ಕಡೆ ಇಟ್ಟು ಬೆಳಗ್ಗೆ ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿ ಗುಳ್ಳೆ ನೋಡಿ. ಯಾವುದು ನಿಧಾನ ಏರುತ್ತದೋ ಅದು ಗಟ್ಟಿ. ನಂಬರು ಸಿಗುವುದಿಲ್ಲ, ಮೋಸ ಗೊತ್ತಾಗುತ್ತದೆ. ಕೈಯಲ್ಲಿ ಬಾಟಲಿ ಹಿಡಿದುಕೊಂಡು ನಿಲ್ಲಬೇಡಿ, ಮೈ ಬಿಸಿಗೇ ತೆಳ್ಳಗಾಗುತ್ತದೆ.

ಇದೆಲ್ಲಾ ಬೇರೆ ಟ್ಯಾಂಕ್ ಇರುವ ಪವರ್ ಪ್ಯಾಕಿಗೆ. ಟ್ರ್ಯಾಕ್ಟರಿನ ಹೈಡ್ರಾಲಿಕ್‌ನಿಂದಲೇ ಎತ್ತುವ ಟ್ರೇಲರ್ ಆದರೆ ಟ್ರ್ಯಾಕ್ಟರ್ ಪುಸ್ತಕದ ಆಯಿಲ್ಲೇ ಹಾಕಬೇಕು. ಆಯಿಲ್ ಬದಲಿಸುವಾಗ ಸ್ಟ್ರೈನರ್ (ಆಯಿಲ್ ಸೋಸುವ ಜಾಲರಿ) ತೊಳೆಯಿರಿ, ಅದು ಕಟ್ಟಿಕೊಂಡಿದ್ದರೂ ಇದೇ ಜಲ್ಲಿ ಸದ್ದು ಬರುತ್ತದೆ. ಚಳಿಯಲ್ಲಿ ಮೊದಲ ಹತ್ತು ನಿಮಿಷ ಲೋಡ್ ಇಲ್ಲದೆ ನಿಧಾನಕ್ಕೆ ಓಡಿಸಿ.

ಆ ಕ್ಯಾನು ವಾಪಸ್ ಕೊಟ್ಟು 32 ತನ್ನಿ. ಪಂಪಿನ ಪ್ಲೇಟ್ ಫೋಟೋನೂ ಹಾಕಿ, ಗೇರ್ ಪಂಪೋ ವೇನ್ ಪಂಪೋ ನೋಡಿ ಹೇಳುತ್ತೇನೆ.