ಸೊಟ್ಟ ಬೆನ್ನಿಗೆ ಸ್ಕ್ರೂ: ಯಾವ ಗೋಡೆ, ಎಷ್ಟು ಮಿಲಿಮೀಟರ್?

ಪ್ರಶ್ನೆ: ಮಗಳಿಗೆ 14 ವರ್ಷ, ಸ್ಕೋಲಿಯೋಸಿಸ್. ಎದೆಮಟ್ಟದ ಬೆನ್ನು ಬಲಕ್ಕೆ ಬಾಗಿದೆ, ಬಾಗಿನ ಅಳತೆಯಾದ ಕಾಬ್ ಕೋನ 58 ಡಿಗ್ರಿ. ಹದಿನೆಂಟು ಸ್ಕ್ರೂ, ಎರಡು ರಾಡ್ ಹಾಕಬೇಕು ಅಂದಿದ್ದಾರೆ. ಒಂದು ಸ್ಕ್ರೂ ಆಚೀಚೆಯಾದರೆ ಗತಿಯೇನು? ಸ್ಕ್ರೂವಿನ ದಾರಿಯನ್ನು ಪರದೆಯ ಮೇಲೆ ತೋರಿಸುವ ನ್ಯಾವಿಗೇಷನ್ ಯಂತ್ರ ಇರುವ ಕಡೆಯೇ ಮಾಡಿಸಬೇಕೆ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಸ್ಕ್ರೂ ಹೋಗುವ ದಾರಿ ನಿಜಕ್ಕೂ ಕಿರಿದು. ಕಶೇರುಕದ ಹಿಂಭಾಗವನ್ನು ಮುಂದಿನ ದಿಮ್ಮಿಗೆ ಸೇರಿಸುವ ಎರಡು ಪುಟ್ಟ ಎಲುಬಿನ ಕಂಬಗಳಿಗೆ ಪೆಡಿಕಲ್ ಎನ್ನುತ್ತಾರೆ. ಸ್ಕ್ರೂ ಅದರೊಳಗೇ ಸಾಗಬೇಕು. ಎದೆಯ 4ರಿಂದ 6ನೇ ಕಶೇರುಕಗಳಲ್ಲಿ ಅದು ಎಲ್ಲರಿಗೂ ಸಪೂರ. ಬಾಗಿನ ಒಳಬದಿಯಲ್ಲಿ, ಅಂದರೆ ನಿಮ್ಮ ಮಗಳಿಗೆ ಎಡಗಡೆ, ಇನ್ನೂ ಸಪೂರ. ಸಾಲದ್ದಕ್ಕೆ ಬೆನ್ನುಹುರಿಯೂ ಅದೇ ಬದಿಗೆ ಸರಿದು ಗೋಡೆಗೆ ಅಂಟಿಕೊಂಡಂತಿರುತ್ತದೆ. ಹೊರಗೋಡೆಯಾಚೆ ಮಹಾಪಧಮನಿ. ಕಶೇರುಕ ತಿರುಚಿಕೊಂಡಿರುವುದರಿಂದ ಕಣ್ಣಿಗೆ ನೇರವೆನಿಸಿದ ದಿಕ್ಕು ಒಳಗೆ ನೇರವಿರುವುದಿಲ್ಲ.

ಹಾಗಾಗಿ ಸ್ಕ್ರೂವನ್ನು ಒಂದೇ ಸಲಕ್ಕೆ ತಿರುಗಿಸಿ ಕೂರಿಸುವುದಿಲ್ಲ. ಮೇಲಿನ ಗಟ್ಟಿ ಮೂಳೆಯನ್ನು ಬರ್ ಎಂಬ ಪುಟ್ಟ ಕೊರೆಯುವ ಉಪಕರಣದಿಂದ ತೆರೆದು, ತುದಿ ತುಸು ಬಾಗಿದ ಮೊಂಡು ಸಲಾಕೆಯನ್ನು (ಪ್ರೋಬ್) ಇಳಿಸುತ್ತಾರೆ. ಮೊದಲ 15-20 ಮಿ.ಮೀ. ಅದರ ಬಾಗು ಹೊರಮುಖವಾಗಿರುತ್ತದೆ, ಬೆನ್ನುಹುರಿಯ ಕಡೆ ಕೊರೆಯದಿರಲಿ ಎಂದು. ಆ ಆಳ ದಾಟಿದ ಮೇಲೆ ತೆಗೆದು, ಒಳಮುಖವಾಗಿ ತಿರುಗಿಸಿ ಮುಂದುವರಿಸುತ್ತಾರೆ. ಕೈಗೆ ಒಂದೇ ಹದದ ಒರಟು ತಡೆ ಸಿಗುತ್ತಿರಬೇಕು. ತಟ್ಟನೆ ಸಡಿಲವಾದರೆ ಗೋಡೆ ತೂತಾಗಿದೆ ಎಂದೇ ಲೆಕ್ಕ. ಬಳಿಕ ಗುಂಡುತುದಿಯ ತೆಳು ಕಡ್ಡಿಯಿಂದ ನಾಲ್ಕು ಗೋಡೆ ಮತ್ತು ತಳವನ್ನು ತಡವಿ ನೋಡಿ, ಸ್ಕ್ರೂಗಿಂತ ಸಣ್ಣ ಅಳತೆಯ ಟ್ಯಾಪ್‌ನಿಂದ ಸ್ಕ್ರೂ ಕಚ್ಚಲು ಸುರುಳಿ ಗೆರೆ ಕೊರೆದು, ಮತ್ತೊಮ್ಮೆ ತಡವಿ, ಆಮೇಲೆ ಸ್ಕ್ರೂ. ಪೆಡಿಕಲ್ ತೀರಾ ಸಣ್ಣದಿದ್ದರೆ ಆ ಜಾಗ ಬಿಟ್ಟುಬಿಡುವುದೂ ಉಂಟು. ಹದಿನೆಂಟು ಅಂದದ್ದು ಹದಿನಾರಾದರೆ ಸೋಲಲ್ಲ, ಜಾಣತನ.

ನ್ಯಾವಿಗೇಷನ್‌ನಿಂದ ತಪ್ಪು ದಾರಿಯ ಸ್ಕ್ರೂಗಳು ಕಡಿಮೆಯಾಗುತ್ತವೆ, ಸಪೂರ ಪೆಡಿಕಲ್‌ಗಳಲ್ಲಂತೂ ದೊಡ್ಡ ಸಹಾಯ. ಆದರೆ ಯಂತ್ರದ ಅಳತೆಗೆ ಆಧಾರವಾಗಿ ಮೂಳೆಗೆ ಕಚ್ಚಿಸಿದ ರೆಫರೆನ್ಸ್ ಫ್ರೇಮ್‌ಗೆ ಯಾರದೋ ಮೊಣಕೈ ತಾಗಿದರೆ ಪರದೆಯ ಚಿತ್ರ ಸುಂದರವಾಗಿಯೇ ಇರುತ್ತದೆ, ಸ್ಕ್ರೂ ಮಾತ್ರ ಬೇರೆಡೆ ಹೋಗುತ್ತದೆ. ಫ್ರೇಮ್‌ನಿಂದ ದೂರದ ಕಶೇರುಕಗಳಲ್ಲೂ ಲೆಕ್ಕ ತಪ್ಪಬಹುದು. ಜೊತೆಗೆ ಮಗುವಿಗೆ ಹೆಚ್ಚು ವಿಕಿರಣ. ಇಂಥ ಆಪರೇಷನ್ ನಿಯಮಿತವಾಗಿ ಮಾಡುವ ಕೈಯಿದ್ದರೆ ಯಂತ್ರವಿಲ್ಲದೆಯೂ ನಡೆಯುತ್ತದೆ.

ನಾವು ಹಟ ಹಿಡಿಯುವುದು ನರಗಳ ಮಾನಿಟರಿಂಗ್‌ಗೆ. ಅಪಾಯ ಸ್ಕ್ರೂವಿನಿಂದಷ್ಟೇ ಅಲ್ಲ, ರಾಡ್ ಹಾಕಿ ಬೆನ್ನನ್ನು ನೆಟ್ಟಗೆ ಮಾಡುವಾಗ ಹುರಿ ಎಳೆಯಲ್ಪಡುವುದರಿಂದಲೂ ಬರುತ್ತದೆ. ಆಪರೇಷನ್ ಉದ್ದಕ್ಕೂ ಎಂಇಪಿ (ಚಲನೆಯ ನರದಾರಿಯ ಪರೀಕ್ಷೆ), ಎಸ್‌ಎಸ್‌ಇಪಿ (ಸ್ಪರ್ಶದ ನರದಾರಿಯ ಪರೀಕ್ಷೆ) ಎರಡೂ ಇರುತ್ತವೆಯೇ ಎಂದು ಕೇಳಿ. ನರಗಳ ಸಿಗ್ನಲ್ ಕುಗ್ಗಿದರೆ ರಕ್ತದೊತ್ತಡ ಏರಿಸಿ, ಹಿಮೋಗ್ಲೋಬಿನ್, ಅರಿವಳಿಕೆ, ದೇಹದ ಉಷ್ಣತೆ ನೋಡುತ್ತಾರೆ, ಎಳೆತ ಸಡಿಲಿಸುತ್ತಾರೆ, ಅನುಮಾನದ ಸ್ಕ್ರೂ ತೆಗೆಯುತ್ತಾರೆ.

ಪ್ರಶ್ನೆ: ಆಪರೇಷನ್ ಆಗಿ ಒಂದು ವರ್ಷ. ಒಂದು ಸ್ಕ್ರೂ 3 ಮಿ.ಮೀ. ಹೊರಗಿದೆ ಎಂದು ಸಿ.ಟಿ. ವರದಿ. ತೊಂದರೆ ಏನೂ ಇಲ್ಲ. ತೆಗೆಸಲೇ?
— ಓದುಗರೊಬ್ಬರು, ಶಿರಸಿ

ಉತ್ತರ: ಯಾವ ಕಡೆಗೆ ಹೊರಗೆ? ವರದಿಯಲ್ಲಿ ಮೊದಲು ಅದನ್ನು ಹುಡುಕಿ. 2 ಮಿ.ಮೀ.ಗಿಂತ ಕಡಿಮೆ ಸರಿದದ್ದನ್ನು ಸಾಮಾನ್ಯವಾಗಿ ಸರಿಯಾದದ್ದೆಂದೇ ಎಣಿಸುತ್ತಾರೆ. ಎದೆಮಟ್ಟದಲ್ಲಿ ಪಕ್ಕೆಲುಬಿನ ಕಡೆಗೆ 3 ಮಿ.ಮೀ. ಸರಿದದ್ದನ್ನು ಹೆಚ್ಚಾಗಿ ಹಾಗೇ ಬಿಡುತ್ತಾರೆ. ಹುರಿಯ ಕಡೆಗಿದ್ದರೆ, ಲಕ್ಷಣವಿಲ್ಲದಿದ್ದರೂ ನರಪರೀಕ್ಷೆ ಮಾಡಿಸಿ ಗಮನಿಸಬೇಕು. ಲೋಹದ ಹೊಳಪಿನಿಂದ ಸಿ.ಟಿ.ಯಲ್ಲಿ ಸ್ಕ್ರೂ ಇರುವುದಕ್ಕಿಂತ ದಪ್ಪ ಕಾಣುವುದೂ ನೆನಪಿರಲಿ. ತುದಿ ಮಹಾಪಧಮನಿಗೆ ಒತ್ತಿಕೊಂಡಿದ್ದರೆ ಮಾತ್ರ ನೋವಿಲ್ಲವೆಂದು ಸುಮ್ಮನಿರಬೇಡಿ. ರಕ್ತನಾಳದ ಸರ್ಜನ್ ಕೂಡ ನೋಡಬೇಕು. ಕಾಲಿನಲ್ಲಿ ಬಲ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೋಗಿ.