ಡಿಸ್ಕು ‘ಗುಡ್’ ಅಂದರೆ ನಂಬಬಹುದಾ?

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಅಡಿಕೆ ವ್ಯವಹಾರದ ಲೆಕ್ಕ, ಮಗಳ ಮದುವೆ ವಿಡಿಯೋ, ಅಪ್ಪಯ್ಯ ಅರ್ಥ ಹೇಳಿದ ತಾಳಮದ್ದಲೆಗಳ ರೆಕಾರ್ಡಿಂಗ್ ಇವೆ. ಮೊನ್ನೆ ನಮ್ಮ ಅಳಿಯ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಹಾಕಿಕೊಟ್ಟರು. ಅದು ಹಳದಿ ಬಣ್ಣದಲ್ಲಿ ‘ಕಾಷನ್’ ತೋರಿಸುತ್ತಿದೆ. ಸಿ5 ಎಂಬ ಸಾಲಿನ ಕೊನೆಗೆ 10 ಎಂದಿದೆ. ಕಂಪ್ಯೂಟರ್ ಮಾತ್ರ ಚೆನ್ನಾಗೇ ಓಡುತ್ತಿದೆ. ಅತ್ತ ಭಾವನ ಡಿಸ್ಕು ‘ಗುಡ್’ ಎಂದು ತೋರಿಸುತ್ತಲೇ ಒಂದು ದಿನ ಸತ್ತುಹೋಯಿತು. ಯಾವುದನ್ನು ನಂಬುವುದು? ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಬರೆದಿಡುವ ಎಸ್‌ಎಸ್‌ಡಿ ಹಾಕಿಸಿದರೆ ಈ ತಲೆಬಿಸಿ ಇಲ್ಲವೇ?
– ಓದುಗರು, ಶಿರಸಿ

ಉತ್ತರ: ಮೊದಲು ಅಪ್ಪಯ್ಯನ ರೆಕಾರ್ಡಿಂಗನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಲು ಹಾಕಿ. ಮದುವೆ ವಿಡಿಯೋ ಆಮೇಲೆ. ಅದರ ಪ್ರತಿ ಫೋಟೋಗ್ರಾಫರ್ ಹತ್ತಿರವೂ ಇರಬಹುದು. ಅಪ್ಪಯ್ಯನ ದನಿ ಬೇರೆಲ್ಲೂ ಸಿಗುವುದಿಲ್ಲ. ಕಾಪಿ ಆಗುತ್ತಿರಲಿ, ಉಳಿದದ್ದನ್ನು ನಿಧಾನ ಓದಿ.

ಡಿಸ್ಕಿನೊಳಗೆ ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳುವ ಒಂದು ವ್ಯವಸ್ಥೆ ಇರುತ್ತದೆ. ಸ್ಮಾರ್ಟ್ ಅಂತಾರೆ. ಅದು ಹುಷಾರಿಲ್ಲ ಅಂದರೆ ನಂಬಿ. ಹುಷಾರಾಗಿದ್ದೇನೆ ಅಂದರೆ ನಂಬಬೇಡಿ. ಸುಮ್ನೆ ಹೇಳುತ್ತಿಲ್ಲ. ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಲೆಕ್ಕ ಕೊಟ್ಟಿದ್ದರು. ಕೆಟ್ಟ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚು, ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ನಿಮ್ಮ ಭಾವನದು ಈ ಗುಂಪು. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ. ಡಿಸ್ಕು ತನ್ನನ್ನೇ ಪರೀಕ್ಷಿಸಿಕೊಳ್ಳುವಾಗ ಮೊದಲ ದೋಷ ಕಂಡಿತೆಂದರೆ, ಮುಂದಿನ 60 ದಿನಗಳಲ್ಲಿ ಅದು ಸಾಯುವ ಸಾಧ್ಯತೆ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ.

ಈಗ ನಿಮ್ಮ ಸಿ5. ಆ 10 ಅಂದರೆ ಹತ್ತಲ್ಲ, ಹದಿನಾರು. ಆ ತಂತ್ರಾಂಶ ಕೊನೆಯ ಕಾಲಮ್ಮನ್ನು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಸೆಟ್ಟಿಂಗಿನಲ್ಲಿ ಬದಲಾಯಿಸಿಕೊಳ್ಳಬಹುದು, ಅಳಿಯನಿಗೆ ಹೇಳಿ. ಓದಲು ಹೋಗಿ ಆಗದೆ, ‘ಆಮೇಲೆ ನೋಡೋಣ’ ಎಂದು ಡಿಸ್ಕು ಬದಿಗಿಟ್ಟ ಜಾಗಗಳ ಸಂಖ್ಯೆ ಅದು. ಅಲ್ಲಿ ಹೊಸದಾಗಿ ಏನಾದರೂ ಬರೆದಾಗ ಜಾಗ ಸರಿಹೋದರೆ ಸಂಖ್ಯೆ ಇಳಿಯುತ್ತದೆ. ಸರಿಹೋಗದಿದ್ದರೆ ಡಿಸ್ಕು ತನ್ನ ಮೀಸಲು ಜಾಗ ಬಳಸುತ್ತದೆ, 05ರ ಸಾಲು ಏರುತ್ತದೆ. ಕಂಪ್ಯೂಟರ್ ಚೆನ್ನಾಗಿ ಓಡುತ್ತಿದೆ ಅಂದಿರಿ. ಆ ಜಾಗದಲ್ಲಿರುವ ಫೈಲನ್ನು ನೀವು ಈಚೆಗೆ ತೆರೆದಿಲ್ಲ, ಅಷ್ಟೇ ಇರಬಹುದು. ಅದು ತಾಳಮದ್ದಲೆಯ ನಡುವೆ ಬಂದಿದ್ದರೆ ಕಾಪಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾದರೆ ಆ ಫೈಲ್ ಬಿಟ್ಟು ಮುಂದಿನದನ್ನು ಕಾಪಿ ಮಾಡಿ. ಒಂದಕ್ಕೇ ಜೋತುಬಿದ್ದು ಡಿಸ್ಕನ್ನು ಉಜ್ಜಬೇಡಿ. ಕಾಪಿ ಮುಗಿಯುವವರೆಗೆ ದೋಷ ಹುಡುಕಿ ಸರಿಮಾಡುವ ಚೆಕ್‌ಡಿಸ್ಕ್, ಚದುರಿದ ಫೈಲುಗಳನ್ನು ಜೋಡಿಸುವ ಡಿಫ್ರಾಗ್ ಯಾವುದೂ ಬೇಡ. ‘ರಿಪೇರಿ ಮಾಡಿಕೊಡ್ತೇನೆ’ ಅನ್ನುವವರಿಗೂ ಮೊದಲು ಕಾಪಿ ಮಾಡಿಕೊಡಲು ಹೇಳಿ.

ಏರಿದ ಸಂಖ್ಯೆಯೆಲ್ಲ ಸಾವಲ್ಲ. ನನ್ನ ಅಂಗಡಿ ಕಾರವಾರದಲ್ಲಿ. ಇಲ್ಲಿನ ಉಪ್ಪುಗಾಳಿ ಗೊತ್ತಲ್ವಾ? ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವಾಗಿನ ತಪ್ಪುಗಳನ್ನು ಎಣಿಸುವ ಸಿ7 ಸಾಲು ಏರಿದೆ ಎಂದು ಹೆದರಿ ಬರುತ್ತಾರೆ. ಅದು ಬಹುತೇಕ ಡಿಸ್ಕಿನ ತಪ್ಪಲ್ಲ, ಕೇಬಲ್ಲಿನದು. ಕಿಲುಬು ಹಿಡಿದ ಕೇಬಲ್ ಬದಲಿಸಿದರೆ ಸಂಖ್ಯೆ ಅಲ್ಲಿಗೇ ನಿಲ್ಲುತ್ತದೆ. ಇಳಿಯುವುದಿಲ್ಲ, ಅದಕ್ಕೆ ಗಾಬರಿ ಬೇಡ. ಇನ್ನು ಹೊರಗಿನಿಂದ ಜೋಡಿಸುವ ಡಿಸ್ಕನ್ನು ಕೂರಿಸಿರುವ ಕೆಲವು ಯುಎಸ್‌ಬಿ ಡಬ್ಬಿಗಳು ಸ್ಮಾರ್ಟ್ ಮಾಹಿತಿಯನ್ನು ಹೊರಗೇ ಬಿಡುವುದಿಲ್ಲ.

ಎಸ್‌ಎಸ್‌ಡಿ ಹಾಕಿಸಿ, ಕಂಪ್ಯೂಟರಿಗೆ ವೇಗ ಬರುತ್ತದೆ. ತಲೆಬಿಸಿ ಹೋಗುವುದಿಲ್ಲ. ಅದು ತೋರಿಸುವ ಶೇಕಡಾವಾರು ಆಯುಷ್ಯ ಮುಖ್ಯವಾಗಿ ಎಷ್ಟು ಬರೆದಿದ್ದೀರಿ ಎಂಬುದರ ಲೆಕ್ಕ. ಅದರ ಕೆಲಸವನ್ನೆಲ್ಲ ನಡೆಸುವ ಕಂಟ್ರೋಲರ್ ಚಿಪ್ ಕೆಟ್ಟರೆ ಹಳದಿಯೂ ಇಲ್ಲ, ಕೆಂಪೂ ಇಲ್ಲ. ಬೆಳಗ್ಗೆ ನೋಡಿದರೆ ಕಂಪ್ಯೂಟರಿಗೆ ಡಿಸ್ಕೇ ಕಾಣುವುದಿಲ್ಲ.

ಹಾಗಾಗಿ ಕಾಪಿಯನ್ನು ಸೂಚನೆಗೆ ಕಟ್ಟಿಹಾಕಬೇಡಿ. ತೋಟದವರು ನೀವು, ಕೊಳೆರೋಗ ಕಂಡ ಮೇಲೆ ಬೋರ್ಡೋ ದ್ರಾವಣ ಹೊಡೆಯೋಣ ಅಂತ ಕಾಯುತ್ತೀರಾ? ತಿಂಗಳಿಗೊಮ್ಮೆ ಬೇರೆ ಡಿಸ್ಕಿಗೆ ಕಾಪಿ ಹಾಕಿ, ತಂತಿ ಕಳಚಿ ಕಪಾಟಿನಲ್ಲಿಡಿ. ಮಲೆನಾಡಿನ ಗುಡುಗು-ಸಿಡಿಲಿನಲ್ಲಿ ಎರಡೂ ಒಂದೇ ಪ್ಲಗ್ಗಿನಲ್ಲಿದ್ದರೆ ಪ್ರಯೋಜನವಿಲ್ಲ. ಇನ್ನೊಂದು ಪ್ರತಿ ಮಗಳ ಮನೆಯಲ್ಲಿರಲಿ. ಹಳದಿ ಡಿಸ್ಕನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ, ಅಡಿಕೆ ಲೆಕ್ಕವೆಲ್ಲ ಅದರಲ್ಲೇ ಇದೆ.